ತಾತ ಬಣ್ಣಕ್ಕೆ ಅದ್ದದ ಬೆರಳು

ಮಾತಿನ ಬಿಸಿ ಏರಿದಾಗ ನನ್ನ ಎಡಗೈ ತೋರುಬೆರಳು ತಾನೇ ಎದ್ದು ನಿಲ್ಲುತ್ತದೆ. ನಾನು ಎಬ್ಬಿಸುವುದಲ್ಲ. ಎದುರಿನವರ ವಾದದಲ್ಲಿ ಒಂದು ತೂತು ಕಂಡಿತೋ, ಉಳಿದ ಬೆರಳುಗಳು ಮಡಿಚಿಕೊಂಡು ಇದೊಂದು ಮಾತ್ರ ನೆಟ್ಟಗಾಗುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು ಇದನ್ನು ಆತ್ಮವಿಶ್ವಾಸದ ಲಕ್ಷಣವೆಂದು ಹೊಗಳಿ ಬಹುಮಾನ ಕೊಟ್ಟರು. ಅದೇ ಬೆರಳನ್ನು ನೋಡಿ ನಮ್ಮಮ್ಮ, ಹೆಣ್ಣು ನೋಡಲು ಬಂದವರ ಮುಂದೆ ಕೈಯನ್ನು ಸೆರಗಿನೊಳಗೆ ಇಟ್ಟುಕೋ ಎಂದು ಬುದ್ಧಿ ಹೇಳಿದ್ದಾಳೆ. ಇಬ್ಬರಿಗೂ ವಿಷಯ ಗೊತ್ತಿಲ್ಲ. ಆ ಬೆರಳು ನನ್ನದಲ್ಲ, ತಾತನದು. ಚಿಕ್ಕಂದಿನಲ್ಲಿ ನೋಡಿ ನೋಡಿ ಕದ್ದುಕೊಂಡದ್ದು.

ಹೋದ ತಿಂಗಳು ಓಟು ಹಾಕಿ ಬಂದೆ. ಉಗುರಿನ ಬುಡದಲ್ಲಿ ಹಚ್ಚಿದ ಮಸಿ ಈಗ ಉಗುರಿನ ಜೊತೆ ಸ್ವಲ್ಪ ಮೇಲೆ ಬಂದಿದೆ. ಇನ್ನು ಕೆಲವು ವಾರ ಕಳೆದರೆ ಕತ್ತರಿಸಿ ಎಸೆಯಬಹುದು. ಅಲ್ಲಿಯವರೆಗೆ ಊಟಕ್ಕೆ ಕೂತಾಗ, ಬಸ್ಸಿನ ಕಂಬಿ ಹಿಡಿದಾಗ, ಅದು ಕಣ್ಣಿಗೆ ಬೀಳುತ್ತದೆ. ಬಿದ್ದಾಗೆಲ್ಲ ಒಂದು ಸತ್ತ ಲೋಕಸಭಾ ಕ್ಷೇತ್ರದ ನೆನಪಾಗುತ್ತದೆ. ಜನಕ್ಕೆ ಮಸಿ ನೋಡಿದರೆ ಪ್ರಜಾಪ್ರಭುತ್ವ ನೆನಪಾಗುತ್ತದಂತೆ. ನನಗೆ ಸಾವು ನೆನಪಾಗುತ್ತದೆ. ಏನು ಮಾಡುವುದು ಹೇಳಿ.

ನಮ್ಮದು ತಿರುಪ್ಪೂರಿನ ಅಂಚಿನಲ್ಲಿರುವ ನೇಕಾರರ ಬೀದಿ. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡವನ್ನು ನೀವು ಕೇಳಿದರೆ ಪಕ್ಕದ ಮನೆಯಲ್ಲಿ ಯಾರೋ ತಮಿಳಿನಲ್ಲಿ ಜಗಳವಾಡುತ್ತಿದ್ದಾರೆ ಅಂದುಕೊಳ್ಳುತ್ತೀರಿ. ನಮ್ಮಲ್ಲಿ ಕನ್ನಡ ಓದಲು ಬರೆಯಲು ಬರುವವರು ಇರಲಿಲ್ಲ. ನಾನು ಕಲಿತದ್ದು ನಮ್ಮೂರ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಮೈಸೂರಿನವರೊಬ್ಬರ ಹೆಂಡತಿಯಿಂದ. ಅವರಿಗೆ ಮಾತಿಗೆ ಜನ ಬೇಕಾಗಿತ್ತು, ನನಗೆ ವಾದಕ್ಕೆ ಇನ್ನೊಂದು ಭಾಷೆ ಬೇಕಾಗಿತ್ತು. ಹಾಗಾಗಿ ನನ್ನ ಬಾಯಿ ಇವತ್ತಿಗೂ ಕೊಯಮತ್ತೂರಿನದು, ಕೈ ಮಾತ್ರ ಮೈಸೂರಿನದು. ಎರಡಕ್ಕೂ ಆಗಾಗ ಜಗಳವಾಗುತ್ತದೆ. ಈ ಬರಹದಲ್ಲೂ ಆದರೆ ಕ್ಷಮಿಸಿ.

ಬೀದಿಯಲ್ಲಿ ಮಗ್ಗವಿಲ್ಲದ ಮನೆ ಇರಲಿಲ್ಲ. ಆ ಮಗ್ಗಗಳಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುವ ಮನೆ ನಮ್ಮದು. ಬಣ್ಣಕ್ಕೆ ನಾವು ತಮಿಳರ ಹಾಗೆ ಸಾಯ ಅನ್ನುತ್ತೇವೆ. ಹಿತ್ತಿಲಲ್ಲಿ ಸಾಯದ ಕೊಟ್ಟಿಗೆ. ಕುದಿಯುವ ಹಂಡೆಯಲ್ಲಾದರೆ ಕೋಲು ಹಿಡಿದು ನೂಲಿನ ಲಡಿ ತಿರುಗಿಸಬೇಕು. ತಣ್ಣನೆಯ ತೊಟ್ಟಿಯಲ್ಲಾದರೆ ಕೈಯಿಂದಲೇ ಅದ್ದಿ, ಹಿಂಡಿ, ಮತ್ತೆ ಅದ್ದಬೇಕು. ತಾತನ ಕೈಗಳು ಮೊಣಕೈವರೆಗೆ ಅರಗಿನ ಕೆಂಪು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗ ಹೊಸಬರು ಅವರ ಕೈ ನೋಡಿ ಗಾಬರಿಯಾಗುತ್ತಿದ್ದರು. ಆದರೆ ಎಡಗೈಯ ತೋರುಬೆರಳು ಒಂದು ಮಾತ್ರ ಬೆಳ್ಳಗೆ, ತೊಳೆದಿಟ್ಟ ಮೂಲಂಗಿಯ ಹಾಗೆ. ಲಡಿ ಅದ್ದುವಾಗ ಆ ಬೆರಳನ್ನು ಅವರು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಉಳಿದ ಬೆರಳುಗಳೆಲ್ಲ ಬಣ್ಣದಲ್ಲಿ ಮುಳುಗಿ ಹಿಂಡುತ್ತಿದ್ದರೆ ಇದೊಂದು ಹೊರಗೆ ನಿಂತು ನೋಡುತ್ತಿತ್ತು, ಕೆಲಸ ಮಾಡದ ಮೇಸ್ತ್ರಿಯ ಹಾಗೆ.

ಯಾಕೆ ತಾತ ಎಂದು ಕೇಳಿದರೆ, "ಅದು ಓಟಿನ ಬೆರಳು ಕಣ್ಣು, ಅದನ್ನ ಅದ್ದಬಾರದು" ಅನ್ನುತ್ತಿದ್ದರು. ಮುದ್ದಿನ ಮಕ್ಕಳನ್ನು ನಮ್ಮ ಕಡೆ ಕಣ್ಣು ಎಂದೇ ಕರೆಯುವುದು. ದೇವರ ಪಟ ಮುಟ್ಟಬಾರದು, ಸಂಜೆ ಗುಡಿಸಬಾರದು, ಓಟಿನ ಬೆರಳು ಅದ್ದಬಾರದು. ನನಗೆ ಏಳೆಂಟು ವರ್ಷವಾಗುವವರೆಗೆ ಎಲ್ಲರ ಮನೆಯ ತಾತಂದಿರಿಗೂ ಇಂಥ ಒಂದು ಬೆರಳು ಇರುತ್ತದೆ ಎಂದೇ ತಿಳಿದಿದ್ದೆ. ತಮಾಷೆಯೆಂದರೆ, ಓಟಿನ ಬೆರಳನ್ನು ಇಷ್ಟು ಜೋಪಾನ ಮಾಡಿದ ಮನುಷ್ಯ ಓಟು ಹಾಕುತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ ಬಂದ ಯಾವ ಚುನಾವಣೆಯಲ್ಲೂ ಅವರು ಮತಗಟ್ಟೆಯ ಕಡೆ ತಲೆ ಹಾಕಿದವರಲ್ಲ.

ಅದರ ಕಥೆ ಹೀಗೆ. ದೇಶದ ಮೊದಲ ಚುನಾವಣೆಯಲ್ಲಿ ತಿರುಪ್ಪೂರು ಎಂಬ ಹೆಸರಿನ ಲೋಕಸಭಾ ಕ್ಷೇತ್ರ ಒಂದಿತ್ತು. ಆಗ ಕೆಲವು ಕ್ಷೇತ್ರಗಳಿಗೆ ಇಬ್ಬಿಬ್ಬರು ಸದಸ್ಯರಂತೆ, ನಮ್ಮದಕ್ಕೆ ಒಬ್ಬರೇ. ಆ ಕಾಲದಲ್ಲಿ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಚೀಟಿಯನ್ನು ಬೇಕಾದವರ ಪೆಟ್ಟಿಗೆಗೆ ಹಾಕಿ ಬರಬೇಕು. ಹಾಗಾಗಿ ನಮ್ಮ ಬೀದಿಯವರಿಗೆ ಅಭ್ಯರ್ಥಿಗಳ ಹೆಸರು ಗೊತ್ತಿರಲಿಲ್ಲ, ಚಿಹ್ನೆಯೇ ಹೆಸರು. ಹತ್ತಿ ಬಿಡಿಸುವ ಗಿರಣಿ ಇಟ್ಟುಕೊಂಡಿದ್ದ ಒಬ್ಬ ಗೌಂಡರು ಯಾವ ಪಕ್ಷದ ಹಂಗೂ ಇಲ್ಲದೆ ಲಾಂದ್ರದ ಚಿಹ್ನೆಯಲ್ಲಿ ನಿಂತಿದ್ದರು. ಅವರು ಅಂದಿನಿಂದ ನಮ್ಮ ಬೀದಿಗೆ ಲಾಂದ್ರದ ಗೌಂಡರು.

ತಾತ ಆಗ ಬೀದಿಯ ಯಜಮಾನರು. ವಯಸ್ಸು ಸಣ್ಣದು, ಸ್ಥಾನ ದೊಡ್ಡದು. ಯಾರಿಗೆ ಓಟು ಎಂದು ಬೀದಿಯೆಲ್ಲ ಕೂತು ವಾದ ಮಾಡಿದರೂ ಒಮ್ಮತ ಬರಲಿಲ್ಲ. ಕೊನೆಗೆ ನಮ್ಮಲ್ಲಿ ಮದುವೆಗೂ ಮನೆ ಕಟ್ಟುವುದಕ್ಕೂ ಮಾಡುವ ಹಾಗೆ ಚೌಡಮ್ಮನ ಗುಡಿಯಲ್ಲಿ ಹೂ ಕೇಳಿದರು. ಎಲೆಯೊಳಗೆ ಬಿಳಿ ಹೂವಿನ ಒಂದು ಪೊಟ್ಟಣ, ಕೆಂಪು ಹೂವಿನ ಒಂದು ಪೊಟ್ಟಣ ಕಟ್ಟಿ ಅಮ್ಮನ ಮುಂದೆ ಹಾಕಿ, ಮಗುವಿನ ಕೈಲಿ ಒಂದನ್ನು ಎತ್ತಿಸುವುದು. ಬಿಳಿ ಬಂದರೆ ಲಾಂದ್ರ ಎಂದು ನೆನೆದಿದ್ದರು. ಬಿಳಿ ಬಂತು. ಅರ್ಧಕ್ಕರ್ಧ ಸಾಧ್ಯತೆ ಇದ್ದದ್ದು ಬಂದೇ ಬಂತು, ಇದರಲ್ಲಿ ಅಮ್ಮನ ಹೆಚ್ಚುಗಾರಿಕೆ ಏನು ಎಂದು ನಾನು ಹತ್ತನೇ ಕ್ಲಾಸಿನಲ್ಲಿ ಕೇಳಿ ಅಜ್ಜಿಯಿಂದ ಸೌಟಿನ ಏಟು ತಿಂದಿದ್ದೇನೆ. ಬೀದಿಗೆ ಬೀದಿಯೇ ಹೋಗಿ ಲಾಂದ್ರದ ಪೆಟ್ಟಿಗೆ ತುಂಬಿತು. ಲಾಂದ್ರದ ಗೌಂಡರು ಸೋತರು.

ಗೆದ್ದವರು ಧನ್ಯವಾದ ಹೇಳಲು ಬರುವುದು ಲೋಕರೂಢಿ. ಈ ಗೌಂಡರು ಸೋತು ಬಂದರು. ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು, ನನ್ನನ್ನು ನಂಬಿದ ಬೀದಿ ಇದೊಂದೇ ಅಂದರಂತೆ. ಆಮೇಲೆ ತಮಾಷೆಗೆ, ಎಲ್ಲಿ ಯಜಮಾನರೇ, ನನಗೆ ಓಟು ಹಾಕಿದ ಬೆರಳು ತೋರಿಸಿ ಅಂದರು. ತಾತ ಕೈ ಚಾಚಿದರು. ಇಡೀ ಕೈ ಅರಗಿನ ಕೆಂಪು. ಮಸಿ ಆ ಕೆಂಪಿನೊಳಗೆ ಎಲ್ಲೋ ಮುಳುಗಿ ಹೋಗಿತ್ತು. ಗೌಂಡರು ನಕ್ಕರು. ಅವರು ಸುಮ್ಮನೆ ನಕ್ಕರಂತೆ, ತಾತನಿಗೆ ಮಾತ್ರ ಮುಖ ಸುಟ್ಟ ಹಾಗಾಯಿತು. ಓಟು ಹಾಕಿಯೂ ತೋರಿಸಲಾಗದ ಕೈ. ಅಲ್ಲೇ ಎಲೆ ಅಡಿಕೆ ತರಿಸಿ, ಗೌಂಡರ ಕೈಗಿಟ್ಟು, ನೀವು ತಿರುಪ್ಪೂರಿಗೆ ಮತ್ತೆ ಯಾವಾಗ ನಿಂತರೂ ಈ ಬೀದಿಯ ಓಟು ನಿಮ್ಮದು, ಆಗ ಬಂದು ನನ್ನ ಬೆರಳು ನೋಡಿ ಎಂದು ವಾಕ್ಕು ಕೊಟ್ಟರು. ಗೌಂಡರು ಎಲೆ ಅಡಿಕೆ ತೆಗೆದುಕೊಂಡು, ಮುಂದಿನ ಸಲ ನಿಂತೇ ನಿಲ್ಲುತ್ತೇನೆ, ಗೆದ್ದು ಬಂದು ನೋಡುತ್ತೇನೆ ಅಂದರು. ಅವತ್ತಿನಿಂದ ಆ ಬೆರಳು ತೊಟ್ಟಿಗೆ ಇಳಿಯಲಿಲ್ಲ.

ಮುಂದಿನ ಸಲ ಬರುವ ಹೊತ್ತಿಗೆ ಕ್ಷೇತ್ರವೇ ಇರಲಿಲ್ಲ. ಗಡಿಗಳನ್ನು ಹೊಸದಾಗಿ ಗೀಚಿ ತಿರುಪ್ಪೂರು ತೊಗುದಿಯನ್ನು ತೆಗೆದು ಅಕ್ಕಪಕ್ಕದವಕ್ಕೆ ಹಂಚಿಬಿಟ್ಟರು ಎಂದು ಚಹದಂಗಡಿಯಲ್ಲಿ ಯಾರೋ ಪೇಪರ್ ಓದಿ ಹೇಳಿದರು. ತೊಗುದಿ ಎಂದರೆ ಕ್ಷೇತ್ರ. ಹುಟ್ಟಿ, ಒಂದೇ ಒಂದು ಸಲ ಓಟು ಕಂಡು, ತೀರಿಕೊಂಡಿತು. ನಮ್ಮಜ್ಜಿ ಸಾಕಿದ್ದ ಮೇಕೆ ಅದಕ್ಕಿಂತ ಹೆಚ್ಚು ಕಾಲ ಬದುಕಿತ್ತು. ಗೌಂಡರೂ ಬರಲಿಲ್ಲ. ತಾತ ಬೀದಿಯವರನ್ನು ಕರೆದು, ನಮ್ಮ ಓಟು ಒಬ್ಬರಿಗೆ ಕೊಟ್ಟಾಗಿದೆ, ಅವರು ನಿಲ್ಲುವ ತೊಗುದಿ ಇಲ್ಲ, ಇನ್ನೊಬ್ಬರಿಗೆ ಹಾಕಿದರೆ ವಾಕ್ಕು ತಪ್ಪಿದ ಹಾಗೆ, ಎಲ್ಲರೂ ಮನೆಯಲ್ಲಿರಿ ಅಂದರು. ಇದ್ದರು. ಆ ದಿನ ಬೀದಿಯಲ್ಲಿ ಮಗ್ಗದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲವಂತೆ. ಆಮೇಲಿನ ಚುನಾವಣೆಗಳಲ್ಲಿ ಒಬ್ಬೊಬ್ಬರಾಗಿ ಮರೆತರು, ಬೇರೆ ಬೇರೆ ಪಕ್ಷದ ಬಣ್ಣದಂಚಿನ ಧೋತರ ಉಟ್ಟರು. ತಾತ ಮರೆಯಲಿಲ್ಲ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ತಾತನ ಎದೆ ಕೆಟ್ಟಿತು. ಜೀವಮಾನವೆಲ್ಲ ಸಾಯದ ಹಬೆ ಕುಡಿದ ಎದೆ. ಆ ವರ್ಷವೇ ಚುನಾವಣೆಯೂ ಬಂತು. ತಾತನಿಗೆ ಹಟ ಹಿಡಿಯಿತು: ಸಾಯುವ ಮೊದಲು ಆ ವಾಕ್ಕು ಹಿಂದಕ್ಕೆ ಬರಬೇಕು. ಬೀದಿಯ ಹೆಸರಿನಲ್ಲಿ ಕೊಟ್ಟ ವಾಕ್ಕನ್ನು ಹೊತ್ತುಕೊಂಡು ಯಜಮಾನ ಸತ್ತರೆ ಅದು ಬೀದಿಯ ತಲೆಗೆ ಬರುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಬೀದಿಯ ತಲೆಗೆ ಬರಲು ಇನ್ನೇನು ಉಳಿದಿತ್ತು ಎನ್ನುವುದು ನನ್ನ ವಾದ. ಅರ್ಧ ಮಗ್ಗಗಳು ಆಗಲೇ ನಿಂತಿದ್ದವು. ಹುಡುಗರೆಲ್ಲ ಬನಿಯನ್ ಕಂಪನಿಗೆ ಹೋಗುತ್ತಿದ್ದರು. ಕೊಟ್ಟಿಗೆಯಲ್ಲಿ ತಾತ ಒಬ್ಬರೇ, ಎರಡು ಮೂರು ಮನೆಯ ನೂಲಿಗೆ, ಬೆರಳೆತ್ತಿಕೊಂಡು.

ನಾನು ಆಗ ಜಿಲ್ಲೆಯಲ್ಲೇ ಹೆಸರು ಮಾಡಿದ ವಾಗ್ಮಿ. ಗೆದ್ದ ಕಪ್ಪುಗಳಲ್ಲಿ ಅಮ್ಮ ಹುಣಸೆಹಣ್ಣು ತುಂಬಿಟ್ಟಿದ್ದಳು. ದೇವರಿಲ್ಲವೆಂದು ವಾದಿಸಿ ಒಂದು, ಇದ್ದಾನೆಂದು ವಾದಿಸಿ ಒಂದು ಗೆದ್ದಿದ್ದೆ. ಒಬ್ಬ ಮುದುಕನಿಗೆ ತರ್ಕ ಹೇಳಿಕೊಡುವುದು ಎಷ್ಟರ ಕೆಲಸ? ಗ್ರಂಥಾಲಯಕ್ಕೆ ಹೋಗಿ ತಿರುಪ್ಪೂರು ಲೋಕಸಭಾ ಕ್ಷೇತ್ರದ ಚರಿತ್ರೆಯನ್ನೆಲ್ಲ ಓದಿಕೊಂಡು ಬಂದೆ. ಅರ್ಧ ಪುಟದ ಚರಿತ್ರೆ. ಜಗಲಿಯಲ್ಲಿ ತಾತನ ಎದುರು ಕೂತು, ಬೆರಳೆತ್ತಿ, ಶುರುಮಾಡಿದೆ. ಯಾವ ಕ್ಷೇತ್ರದ ಮೇಲೆ ವಾಕ್ಕು ಕೊಟ್ಟಿರೋ ಆ ಕ್ಷೇತ್ರವೇ ಅಳಿದ ಮೇಲೆ ವಾಕ್ಕೂ ಅಳಿಯಿತು, ಇದು ಕಾನೂನಿಗೂ ಸರಿ, ನ್ಯಾಯಕ್ಕೂ ಸರಿ ಎಂದೆ.

ತಾತ ನನ್ನ ಬೆರಳನ್ನೇ ನೋಡುತ್ತಿದ್ದರು. "ನಿಶ್ಚಯ ಆದ ಹುಡುಗಿ ಊರು ಮುಳುಗಿಹೋತು ಅಂತ, ಹುಡುಗಿನ ಬಿಟ್ಬುಡ್ತಾರಾ ಕಣ್ಣು?"

"ಹುಡುಗಿ ಬೇರೆ, ಓಟು ಬೇರೆ ತಾತ."

"ಬೇರೆನೇ. ಹುಡುಗಿ ಅತ್ತು ಕೇಳ್ತಾಳೆ. ಓಟು ಕೇಳಲ್ಲ, ಅದಕ್ಕೇ ನಾವು ಕಾಯ್ಕೋಬೇಕು."

ಹೀಗೆ ಒಂದು ವಾರ. ಸಭೆಯಲ್ಲಾದರೆ ಗಂಟೆ ಬಾರಿಸುತ್ತಾರೆ, ಇಲ್ಲಿ ಬಾರಿಸುವವರಿಲ್ಲ. ಸೋಲು ಒಪ್ಪಿಕೊಳ್ಳುವುದು ನನಗೆ ಬಾರದ ವಿದ್ಯೆ. ಆದ್ದರಿಂದ ಕೊನೆಗೆ, ಸರಿ, ಆ ಗೌಂಡರನ್ನೇ ಹುಡುಕಿ ವಾಕ್ಕು ವಾಪಸು ತರುತ್ತೇನೆ ಅಂದುಬಿಟ್ಟೆ. ತಾತನ ಮುಖ ನೋಡಬೇಕಿತ್ತು ನೀವು. ಎಲೆ ಅಡಿಕೆಯಿಟ್ಟು ಕೊಟ್ಟ ವಾಕ್ಕು ಎಲೆ ಅಡಿಕೆಯಲ್ಲೇ ಹಿಂದಕ್ಕೆ ಬರಬೇಕು, ಅವರ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ತಾತನ ಕೈಗೆ. ಇಷ್ಟು ಹೇಳಿಕೊಟ್ಟು, "ಅಲ್ಲಿ ವಾದ ಮಾಡ್ಬೇಡ" ಎಂದು ಸೇರಿಸಿದರು.

ಗೌಂಡರು ಗಿರಣಿ ಮಾರಿ ಉಡುಮಲೈಪೇಟೆಯ ಕಡೆ ತೆಂಗಿನ ತೋಟಕ್ಕೆ ಹೋದರು ಎನ್ನುವಷ್ಟು ತಾತನಿಗೆ ಗೊತ್ತಿತ್ತು. ನನ್ನ ತರಗತಿಯಲ್ಲಿ ಆ ಊರಿನ ಒಬ್ಬಳಿದ್ದಳು. ಕೇಳಿದೊಡನೆ, ಓ, ಎರಡು ಸಲ ಸೋತ ಗೌಂಡರಾ, ಎಲ್ಲರಿಗೂ ಗೊತ್ತು ಅಂದಳು. ಎರಡು ಸಲ ಅಲ್ಲ, ಒಂದೇ ಸಲ ಎಂದು ನಾನು ತಿದ್ದಿದೆ. ಊರವರಿಗೆ ಇನ್ನೊಬ್ಬರ ಸೋಲನ್ನು ದೊಡ್ಡದು ಮಾಡಿ ಹೇಳುವ ಚಟ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅವಳು ಪಾಪ, ತೋಟದ ದಾರಿ ಬರೆದುಕೊಟ್ಟಳು.

ಕಾಲೇಜಿದ್ದ ಕೊಯಮತ್ತೂರಿನಿಂದಲೇ ಹೊರಟು, ಉಕ್ಕಡಂ ಬಸ್‌ನಿಲ್ದಾಣದಲ್ಲಿ ಮೀನಿನ ವಾಸನೆಯ ನಡುವೆ ಬಸ್ಸು ಹತ್ತಿದೆ. ಕುರಿಚಿಯ ಎರಕದ ಕಾರ್ಖಾನೆಗಳು ದಾಟಿದವು, ಪೊಳ್ಳಾಚಿ ದಾಟಿತು, ಬಿಸಿಲು ತೆಂಗಿನ ಗರಿಯೊಳಗೆ ಹೊಕ್ಕು ತಣ್ಣಗಾಯಿತು. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಚುನಾವಣೆಯ ಚಿಹ್ನೆಗಳು. ಗೌಂಡರಿಗೆ ಹೇಳಬೇಕಾದ ಪೀಠಿಕೆಯನ್ನು ನಾನು ತಮಿಳಿನಲ್ಲಿ ಮನಸ್ಸಿನೊಳಗೇ ಉರುಹೊಡೆಯುತ್ತಿದ್ದೆ.

ಗೌಂಡರು ತೋಟದ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತಿದ್ದರು. ತಾತನಿಗಿಂತ ಹಿರಿಯರು, ಆದರೆ ಬೆನ್ನು ನೆಟ್ಟಗೆ. ಕುಡಿಯಲು ಎಳನೀರು ಕೊಡಿಸಿದರು. ನೇಕಾರರ ಬೀದಿ, ಬಣ್ಣದ ಯಜಮಾನರ ಮೊಮ್ಮಗಳು ಎಂದು ಹೇಳಿದ ಕೂಡಲೇ ಅವರ ಮುಖ ಬಿಗಿಯಿತು. ನಾನು ಪೀಠಿಕೆ ಒಪ್ಪಿಸಿದೆ. ತಿರುಪ್ಪೂರು ಕ್ಷೇತ್ರ ರದ್ದಾಯಿತು, ನೀವು ಮತ್ತೆ ನಿಲ್ಲುವ ಸಂದರ್ಭವೇ ಬರಲಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ, ಇನ್ನು ತಾತನನ್ನು ಬಿಡುಗಡೆ ಮಾಡಿ ಎಂದೆ. ಚೆನ್ನಾಗಿಯೇ ಹೇಳಿದೆ. ಬೆರಳು ಎದ್ದಿತ್ತು.

ಅವರು ತಮಿಳಿನಲ್ಲಿ ಕೇಳಿದರು, "ಯಾವ ಕ್ಷೇತ್ರ ರದ್ದಾಯಿತು ಅಮ್ಮಣಿ?"

"ತಿರುಪ್ಪೂರು. ಲೋಕಸಭೆಯದು."

"ನಾನು ಲೋಕಸಭೆಗೆ ಯಾವತ್ತು ನಿಂತಿದ್ದೆ?"

ಅವರು ನಿಂತದ್ದು ವಿಧಾನಸಭೆಗೆ. ಆ ಮೊದಲ ಚುನಾವಣೆಯಲ್ಲಿ ಎರಡೂ ಓಟು ಒಟ್ಟಿಗೇ ನಡೆದಿತ್ತು, ಚೀಟಿ ಎರಡು, ಪೆಟ್ಟಿಗೆಗಳ ಸಾಲು ಎರಡು. ಎರಡು ಕ್ಷೇತ್ರಗಳಿಗೂ ಹೆಸರು ತಿರುಪ್ಪೂರು. ಲಾಂದ್ರದ ಪೆಟ್ಟಿಗೆ ಇದ್ದದ್ದು ವಿಧಾನಸಭೆಯ ಸಾಲಿನಲ್ಲಿ. ನಮ್ಮ ಬೀದಿಯವರಿಗೆ ಲಾಂದ್ರ ಗೊತ್ತಿತ್ತು, ತಿರುಪ್ಪೂರು ಗೊತ್ತಿತ್ತು. ಸಾಲು ಯಾವುದೆಂದು ಕೇಳಬೇಕೆಂದು ತೋಚಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಓದಿಬಂದ ನನಗೂ ತೋಚಿರಲಿಲ್ಲ. ನಾನು ಅರ್ಧ ಪುಟ ಬಾಯಿಪಾಠ ಮಾಡಿದ್ದು ಬೇರೆಯದೇ ಕ್ಷೇತ್ರದ ಮರಣಪತ್ರ. ವಿಧಾನಸಭೆಯ ತಿರುಪ್ಪೂರಿಗೆ ಏನೂ ಆಗಿರಲಿಲ್ಲ. ಅದು ಇದ್ದೇ ಇತ್ತು.

ಗೌಂಡರು ಮಾತು ಕೊಟ್ಟ ಹಾಗೆ ಮುಂದಿನ ಸಲ ನಿಂತಿದ್ದರು. ಲಾಂದ್ರ ಸಿಗಲಿಲ್ಲ, ಸೈಕಲ್ಲು ಸಿಕ್ಕಿತು. ಎಲ್ಲ ಬೀದಿಗೂ ಹೋದರು, ನಮ್ಮ ಬೀದಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳುವ ಹಕ್ಕು ನನಗಿದೆಯೆಂದುಕೊಂಡು ಕೇಳಿದೆ. ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು.

"ವಾಕ್ಕು ಕೊಟ್ಟವರ ಬಾಗಿಲಿಗೆ ಮತ್ತೆ ಕೇಳಿಕೊಂಡು ಹೋಗುತ್ತಾರಾ ಅಮ್ಮಣಿ? ಅದು ಅವರಿಗೆ ಅವಮಾನ ಮಾಡಿದ ಹಾಗಲ್ಲವಾ?"

ಆ ಸಲ ಅವರು ಸೋತದ್ದು ಬಹಳ ಕಡಿಮೆ ಓಟಿನಿಂದ. ಎಷ್ಟು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: ನಿಮ್ಮ ಬೀದಿಯಷ್ಟು. ಎಣಿಕೆ ಮುಗಿದ ಮೇಲೆ ಯಾರೋ ಬಂದು, ನೇಕಾರರ ಬೀದಿಯಿಂದ ಒಬ್ಬರೂ ಬರಲಿಲ್ಲ ಎಂದು ಹೇಳಿದರಂತೆ. ಗೌಂಡರು ಗಿರಣಿ ಮಾರಿದ್ದು ಅದಾದ ಮೇಲೆ. ಆ ಬೀದಿಯ ಮುಂದೆ ದಿನಾ ಹಾದುಹೋಗುವುದು ತಮ್ಮಿಂದ ಆಗಲಿಲ್ಲ ಅಂದರು. ಹವಾಮಾನ ಹೇಳುವ ಹಾಗೆ ಹೇಳಿದರು.

ನೀವು ಕೇಳಬಹುದು, ಇಡೀ ಬೀದಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲವೇ ಎಂದು. ನಾನೂ ಬಸ್ಸಿನಲ್ಲಿ ಅದನ್ನೇ ಕೇಳಿಕೊಂಡೆ. ಪ್ರಚಾರದ ಗಾಡಿ ದೊಡ್ಡ ರಸ್ತೆಯಲ್ಲೇ ಹೋಗಿರಬೇಕು. ಬೀದಿಯೊಳಗೆ ಮಗ್ಗದ ಸದ್ದು. ಗೌಂಡರ ಹೆಸರು ಕೂಗಿದ್ದರೂ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಲಾಂದ್ರವನ್ನು ಕಾಯುತ್ತ ಕೂತವರಿಗೆ ಸೈಕಲ್ಲು ಬಂದರೆ ಹೇಗೆ ತಿಳಿಯಬೇಕು? ಅವರು ಕೇಳಲಿಲ್ಲ, ಮರ್ಯಾದೆಗೆ. ಇವರು ಹಾಕಲಿಲ್ಲ, ಮರ್ಯಾದೆಗೆ. ಎರಡೂ ಪಕ್ಷ ಸರಿಯಾಗಿದ್ದು ಎರಡೂ ಸೋಲುವ ಚರ್ಚೆಯೊಂದು ಇರಬಹುದೆಂದು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಗೌಂಡರು ಎಲೆ ಅಡಿಕೆ ಕೊಟ್ಟರು, ಅದನ್ನೂ ಹೇಳಬೇಕು. ಮೊದಲು ಕೊಡಲಿಲ್ಲ. ತಾತನ ಬೆರಳಿನ ವಿಷಯ ಹೇಳಿದೆ, ಬಣ್ಣಕ್ಕೆ ಅದ್ದದೆ ಇಟ್ಟುಕೊಂಡದ್ದನ್ನು. ಅವರಿಗೆ ತಾವು ಬೆರಳು ತೋರಿಸಿ ಎಂದು ಕೇಳಿ ನಕ್ಕದ್ದೇ ನೆನಪಿರಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ತಾವೇ ಎಲೆ ಅಡಿಕೆ ತಂದು ನನ್ನ ಕೈಗಿಟ್ಟರು. ಕೊಟ್ಟುಬಿಟ್ಟೆ ಅಂತ ಹೇಳು ಅಂದರು. ಬಾಗಿಲವರೆಗೆ ಬರಲಿಲ್ಲ.

ವಾಪಸು ಬರುವ ದಾರಿಯಲ್ಲಿ ನಾನು ಎರಡು ಭಾಷಣ ಸಿದ್ಧಮಾಡಿದೆ. ಒಂದರಲ್ಲಿ ತಾತನಿಗೆ ನಿಜ ಹೇಳಬೇಕೆಂಬ ಪಕ್ಷ, ಇನ್ನೊಂದರಲ್ಲಿ ಹೇಳಬಾರದೆಂಬ ಪಕ್ಷ. ಎರಡೂ ಕಪ್ಪು ಗೆಲ್ಲುವಂಥವು. ಒಣಗದಿರಲೆಂದು ಎಲೆಯನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಹಗುರದ ವಸ್ತು ಅದು. ತೊಡೆ ನೋಯಿತು.

ತಾತ ಜಗಲಿಯಲ್ಲೇ ಕಾಯುತ್ತಿದ್ದರು. ಕೈ ತೊಳೆದುಕೊಂಡು ಬಂದು ಎರಡೂ ಕೈ ಒಡ್ಡಿ ಎಲೆ ಅಡಿಕೆ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. ಗೌಂಡರು ಹೇಗಿದ್ದಾರೆ, ತೋಟದಲ್ಲಿ ನೀರಿದೆಯಾ ಎಂದೆಲ್ಲ ವಿಚಾರಿಸಿದರು. ಎದೆ ಹಗುರಾಯಿತು ನೋಡು ಅಂದರು. ಇಲ್ಲಿಗೆ ಮುಗಿದಿದ್ದರೆ ಈ ಪ್ರಬಂಧ ಬರೆಯುವ ಕೆಲಸವೂ ಇರುತ್ತಿರಲಿಲ್ಲ. ಒಳಗೆ ಹೋಗಲು ಎದ್ದವರು ಬಾಗಿಲಲ್ಲಿ ನಿಂತರು.

"ಆಮೇಲೆ ಎಲ್ಲಾದ್ರೂ ನಿಂತ್ರಂತಾ, ಪಾಪ?"

ನನ್ನ ಎರಡು ಭಾಷಣಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ನಿಂತ್ರು ತಾತ. ಮುಂದಿನ ಸಲವೇ. ತಿರುಪ್ಪೂರಿಗೇ."

"ಯಾವ ಚಿನ್ನೆ?"

"ಸೈಕಲ್ಲು."

ಅವರು ಮತ್ತೆ ಬಂದು ಕೂತರು. ತೊಗುದಿ, ಸಾಲು, ಲೋಕಸಭೆ, ವಿಧಾನಸಭೆ ಎಂದು ನಾನು ಏನೇನೋ ವಿವರಿಸುತ್ತಿದ್ದೆ. ಅವರು ಕೇಳುತ್ತಿರಲಿಲ್ಲ. ಹಿತ್ತಿಲ ಕಡೆ, ದೊಡ್ಡ ರಸ್ತೆಗೆ ಮುಖಮಾಡಿದ್ದ ನಮ್ಮ ಕೊಟ್ಟಿಗೆಯ ಹಿಂಗೋಡೆಯ ಕಡೆ ನೋಡುತ್ತಿದ್ದರು.

"ಆ ಗೋಡೆ ಮೇಲೆ ಒಂದು ಸೈಕಲ್ ಪೋಸ್ಟರ್ ಅಂಟ್ಸಿದ್ರು ಕಣ್ಣು" ಅಂದರು. "ಒಳ್ಳೆ ದಪ್ಪ ಕಾಗ್ದ. ಕೆಲಸ ಮುಗಿಸಿ ಬಂದು ನಾನು ದಿನಾ ಕೈ ಒರೆಸ್ತಾ ಇದ್ದಿದ್ದು ಅದಕ್ಕೇ. ಹರಿದು ಬೀಳೋವರೆಗೂ."

ಎಲೆ ಅಡಿಕೆಯನ್ನು ಹಾಕಿಕೊಳ್ಳಲಿಲ್ಲ, ದೇವರ ಗೂಡಿನಲ್ಲೂ ಇಡಲಿಲ್ಲ. ಜಗಲಿಯ ಮೇಲೆ ಹಾಗೇ ಇತ್ತು. ಅಜ್ಜಿ ಬೆಳಿಗ್ಗೆ ಅದನ್ನು ಎತ್ತಿ ಹಸುವಿಗೆ ಕೊಟ್ಟಳು.

ಅದೇ ಬೆಳಿಗ್ಗೆ ತಾತ ಸಾಯದ ಕೊಟ್ಟಿಗೆಗೆ ಹೋದರು. ಎದೆ ಕೆಟ್ಟ ಮೇಲೆ ಅಮ್ಮ ಬೇಡವೆಂದರೂ ಕೇಳುತ್ತಿರಲಿಲ್ಲ. ನಾನು ಲಡಿ ಎತ್ತಿಕೊಡಲು ಹೋಗಿದ್ದೆ. ತೊಟ್ಟಿಯಲ್ಲಿ ಅರಗಿನ ಕೆಂಪು ತುಂಬಿತ್ತು. ಅವರು ಲಡಿ ಹಿಡಿದು ಬಗ್ಗಿದರು. ಅಭ್ಯಾಸಬಲದಿಂದ ಬೆರಳು ಮೇಲೆದ್ದಿತು. ಅದನ್ನು ಅವರು ಸ್ವಲ್ಪ ಹೊತ್ತು ನೋಡಿದರು, ಯಾರದೋ ಬೆರಳು ನೋಡುವ ಹಾಗೆ. ಆಮೇಲೆ ಮೆಲ್ಲಗೆ ಮಡಿಚಿ, ಉಳಿದವುಗಳ ಜೊತೆ ಒಳಗಿಳಿಸಿದರು. ಮೊಣಕೈವರೆಗೂ. ನಾನು ತಾತ ಅಂದೆ. ಲಡಿ ಸರಿಯಾಗಿ ಹಿಡ್ಕೋ, ಬಣ್ಣ ಒಂದೇ ಸಮ ಹಿಡೀಬೇಕು ಅಂದರು, ಅಷ್ಟೇ.

ಮತದಾನದ ದಿನ ಅವರಾಗಿಯೇ ಹೊರಟರು. ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಆ ಸಲವೂ ಎರಡು ಚುನಾವಣೆ ಒಟ್ಟಿಗೇ; ಲೋಕಸಭೆಗೆ ನಾವಾಗ ಕೊಯಮತ್ತೂರಿನವರು, ವಿಧಾನಸಭೆಗೆ ತಿರುಪ್ಪೂರಿನವರು. ದಾರಿಯಲ್ಲಿ ನಾನು ಯಾವ ಚೀಟಿ ಯಾವುದಕ್ಕೆ ಎಂದು ಹೇಳಿಕೊಡುತ್ತಿದ್ದೆ. ಎಷ್ಟು ತಡವಾಗಿ ಹೇಳಿಕೊಡುತ್ತಿದ್ದೇನೆಂದು ಇಬ್ಬರಿಗೂ ಗೊತ್ತಿತ್ತು. ಯಾರಿಗೆ ಹಾಕುತ್ತೀರಿ ಎಂದು ನಾನು ಕೇಳಲಿಲ್ಲ. ಎಲ್ಲ ಚಿಹ್ನೆಗಳೂ ಅವರಿಗೆ ಈಗ ಒಂದೇ ಆಗಿದ್ದಿರಬೇಕು.

ಮಸಿ ಹಚ್ಚುವ ಹುಡುಗ ತಾತನ ಎಡಗೈ ಹಿಡಿದು ಬೆರಳು ಹುಡುಕಿದ. ಬೆರಳೇನೋ ಇತ್ತು, ಹಚ್ಚಿದರೆ ಕಾಣುವ ಜಾಗ ಇರಲಿಲ್ಲ. ಬಟ್ಟೆಯಿಂದ ಒರೆಸಿ ನೋಡಿದ. ಪೆರಿಯವರೇ, ಇದೇನು ಕೈ ಎಂದು ನಕ್ಕ. ಆ ಕೆಂಪಿನ ಮೇಲೇ ಹಚ್ಚಿದ. ಮಸಿ ಅದರೊಳಗೆ ಇಳಿದು ಮಾಯವಾಯಿತು.

ಹೊರಗೆ ಬಂದು ತಾತ ಬಿಸಿಲಿಗೆ ಕೈ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು.

"ಕಾಣಲ್ಲ ಅಲ್ವಾ?"

ಇಲ್ಲ ತಾತ ಎಂದೆ.

"ಬುಡು" ಅಂದರು. "ನೋಡಕ್ಕೆ ಯಾರ್ ಬರ್ತಾರೆ ಈಗ."